ಬೂದಿ ತಿಕ್ಕಿದ ದೀಪ

ಗುರಪ್ಪನ ಮನೆಗೆ ಕಾರು ಬಂದ ಮೇಲೆ ಆ ಮನೆಯವರು ಒಂದು ಹೊತ್ತಾದರೂ ಸಮಾಧಾನದಿಂದ ಕೂತು ರೊಟ್ಟಿ ಮುರಿದದ್ದನ್ನು ಚಿಮ್ಮಡ ಊರಿನಲ್ಲಿ ಯಾರೂ ಕಂಡಿಲ್ಲ. ಕಾರೇನು ಸಾಮಾನ್ಯದ್ದಲ್ಲ. ಹೊರದೇಶದ ಕಂಪನಿಯದು, ಬೊಂಬಾಯಿಯ ಯಾವನೋ ಶೇಟಜಿ ಓಡಿಸಿ ಬೇಸತ್ತು ಮಾರಿದ್ದು. ಬೆನ್ನು ನುಣುಪು, ಬಾಗಿಲು ಹಾಕಿದರೆ ಸಪ್ಪಳವಿಲ್ಲ, ಮುಂದಿನ ದೀಪಗಳಿಗೆ ಗಾಜಿನ ಬದಲು ಪ್ಲಾಸ್ಟಿಕ್ಕು. ಈ ಪ್ಲಾಸ್ಟಿಕ್ಕು ಒಂದು ಮನೆಯ ನಿದ್ದೆ ಕೆಡಿಸಿತು ಅಂದರೆ ನೀವು ನಗಬಹುದು. ನಗಿರಿ, ಬೇಡ ಅನ್ನುವುದಿಲ್ಲ, ಆದರೆ ಪೂರ್ತಿ ಕೇಳಿ ನಗಿರಿ.

ಕಾರು ತಂದವನು ಗುರಪ್ಪನ ಹಿರಿಯ ಮಗ ಲಗಮಪ್ಪ. ಸಮೀರವಾಡಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತನಾಗಿ ಕೂದಲು ನರೆಸಿಕೊಂಡವನು. ನಡೆಸುವವನು ಕಿರಿಯ ಮಗ ತುಕಾರಾಮ. ಹತ್ತನೆಯ ಇಯತ್ತೆ ದಾಟದ ತಮ್ಮನಿಗೆ ಒಂದು ದಾರಿಯಾಗಲಿ ಎಂದೇ ಅಣ್ಣ ತನ್ನ ಪಿ.ಎಫ್. ತೆಗೆದು ಕಾರಿಗೆ ಸುರಿದಿದ್ದ. ಕಬ್ಬು ನುರಿಸುವ ಹಂಗಾಮು ಶುರುವಾದಾಗ, ಬನಹಟ್ಟಿಯಲ್ಲಿದ್ದ ಕೆಮಿಸ್ಟ್ ಸಾಹೇಬರನ್ನು ರಾತ್ರಿ ಪಾಳಿಗೆ ಕಾರ್ಖಾನೆಗೆ ಒಯ್ದು ಬೆಳಿಗ್ಗೆ ಮರಳಿ ತರುವ ಬಾಡಿಗೆಯನ್ನೂ ತಾನೇ ಮುಂದೆ ನಿಂತು ಗೊತ್ತು ಮಾಡಿಕೊಟ್ಟ.

ಉಪಕಾರ ಮಾಡಿದವನಿಗೆ ಒಂದು ಹಟವಾದರೂ ಇರಬೇಕಲ್ಲ. ಲಗಮಪ್ಪನ ಹಟವೇನೆಂದರೆ ಕಾರು ಮನೆಯ ಮುಂದೆಯೇ ನಿಲ್ಲಬೇಕು, ರಸ್ತೆಗೆ ಮುಖ ಮಾಡಿ ನಿಲ್ಲಬೇಕು, ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಇಣುಕಿ ನೋಡಬೇಕು. ಆ ಮುಖಕ್ಕೆ ಮಧ್ಯಾಹ್ನ ತಿರುಗಿದ ಬಿಸಿಲು ಹೊತ್ತು ಮುಳುಗುವ ತನಕ ಬಡಿಯುತ್ತಿತ್ತು. ಬಂದ ಹೊಸದರಲ್ಲಿ ತಿಳಿಯಾಗಿದ್ದ ದೀಪಗಳು ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಹಳದಿ ತಿರುಗಿದವು. ಮಳೆಗಾಲ ಮುಗಿಯುವ ಹೊತ್ತಿಗೆ ಮಜ್ಜಿಗೆ ಕುಡಿದು ತೊಳೆಯದೆ ಇಟ್ಟ ಲೋಟದ ಹಾಗೆ ಮಬ್ಬಾಗಿ ಹೋದವು. ಒಳಗೆ ಬಲ್ಬು ಉರಿಯುತ್ತಿತ್ತು, ಹೊರಗೆ ಬೆಳಕು ಬರುತ್ತಿರಲಿಲ್ಲ.

ಹಂಗಾಮಿನ ರಸ್ತೆ ಹೇಗಿರುತ್ತದೆ ಅನ್ನುವುದು ಆ ಕಡೆಯವರಿಗೆ ಗೊತ್ತು. ಕಬ್ಬಿನ ಗಾಡಿ, ಕಬ್ಬಿನ ಟ್ರ್ಯಾಕ್ಟರು, ಹಿಂದೆ ಒಂದು ಕೆಂಪು ದೀಪವಿಲ್ಲ, ನೆಲಕ್ಕೆ ಎಳೆಯುವ ಸೋಗೆ ಬೇರೆ. ಒಂದು ಬೆಳಿಗ್ಗೆ ಕಾರಿನ ಬಂಪರಿನಲ್ಲಿ ಸೋಗೆ ಸಿಕ್ಕಿಕೊಂಡಿತ್ತು. ಕೆಮಿಸ್ಟ್ ಸಾಹೇಬರು ಜೀವ ಕೈಯಲ್ಲಿ ಹಿಡಿದು ಕೂತು ಬಂದಿದ್ದರಂತೆ. ಅವರು ತುಕಾರಾಮನಿಗೆ ಏನೂ ಅನ್ನಲಿಲ್ಲ, ನೆಟ್ಟಗೆ ಲಗಮಪ್ಪನ ಮೇಜಿನ ಮುಂದೆ ನಿಂತು, ದೀಪ ಸುಧಾರಿಸುವುದಿದ್ದರೆ ಸುಧಾರಿಸಿರಿ, ಇಲ್ಲದಿದ್ದರೆ ನಾವು ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಎಂದರು. ನಾಲ್ಕು ಜನರ ಎದುರಿಗೆ ಅಂದದ್ದಕ್ಕೆ ಲಗಮಪ್ಪನ ಮುಖ ಇಷ್ಟಾಯಿತು.

ಆ ಸಂಜೆ ಊಟಕ್ಕೆ ಕೂತಾಗ ಅವನು ತಮ್ಮನ ಮೇಲೆ ಹರಿಹಾಯ್ದ. ನನ್ನ ಹೆಸರಿನ ಮೇಲೆ ಸಿಕ್ಕ ಬಾಡಿಗೆ, ನಿನ್ನ ಅಡ್ನಾಡಿತನದಿಂದ ಹೋಗುತ್ತದೆ ಎಂದ. ತುಕಾರಾಮ, ದೀಪ ಕಾಣದಿದ್ದರೆ ನಾನೇನು ಬ್ಯಾಟರಿ ಹಿಡಿದು ಮುಂದೆ ಓಡಲೇನು ಎಂದು ತಾಟು ಸರಿಸಿದ. ತಾಯಿ ಮುದಕವ್ವ, ಉಣ್ಣುವಾಗ ಬಾಯಿ ಮಾಡಬೇಡಿರೋ ಎಂದು ಇಬ್ಬರ ತಾಟಿಗೂ ಝುಣಕ ಬಡಿಸಿದಳು. ಹಿರಿಯ ಸೊಸೆ ಇಂದ್ರವ್ವ ಒಳಗಿನಿಂದಲೇ, ಪಿ.ಎಫ್. ಕರಗಿದ್ದು ನಮ್ಮದು ಎಂದು ಯಾರಿಗೆ ಬೇಕಾದರೂ ಕೇಳಿಸುವಷ್ಟು ದೊಡ್ಡ ದನಿಯಲ್ಲಿ ತನ್ನಷ್ಟಕ್ಕೆ ಹೇಳಿಕೊಂಡಳು.

ಒಲೆಯ ಮುಂದೆ ತಾರವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳು ತುಕಾರಾಮನ ಹೆಂಡತಿ, ಆ ಮನೆಯ ಕಿರಿಯ ಸೊಸೆ. ಮಾವನ ಎದುರಿಗೆ, ಭಾವನ ಎದುರಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡು ಓಡಾಡುವವಳೇ ಹೊರತು ಮಾತಾಡುವವಳಲ್ಲ. ಭಾವನಿಗೆ ಏನಾದರೂ ತಿಳಿಸುವುದಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಮಗನಿಗೆ ಹೇಳಬೇಕು. ಮದುವೆಯಾಗಿ ಇಷ್ಟು ವರ್ಷವಾದರೂ ಲಗಮಪ್ಪ ಅವಳ ಹೆಸರು ಹಿಡಿದು ಕರೆದದ್ದಿಲ್ಲ. ಅವಳಿಗೆ ಪಿ.ಎಫ್. ಚಿಂತೆಯಿರಲಿಲ್ಲ, ಭಾವನ ಮಾನದ ಚಿಂತೆಯೂ ಇರಲಿಲ್ಲ. ಗಂಡ ರಾತ್ರಿ ಹೋಗಿ ಬೆಳಿಗ್ಗೆ ಇದ್ದ ಹಾಗೆ ಮರಳಿ ಬಂದರೆ ಸಾಕಿತ್ತು. ಬಂಪರಿನಲ್ಲಿದ್ದ ಆ ಸೋಗೆಯನ್ನು ಕಿತ್ತು ಎಮ್ಮೆಗೆ ಹಾಕಿದವಳು ಅವಳೇ. 

ಮೊದಲು ಮನೆಯ ಮದ್ದು ನಡೆಯಿತು. ಹಲ್ಲುಜ್ಜುವ ಪೇಸ್ಟು ಹಚ್ಚಿದರೆ ಪ್ಲಾಸ್ಟಿಕ್ಕು ಹೊಳೆಯುತ್ತದೆ ಎಂದು ಬನಹಟ್ಟಿಯ ಸ್ಟ್ಯಾಂಡಿನಲ್ಲಿ ಯಾರೋ ತುಕಾರಾಮನ ಕಿವಿ ಊದಿದ್ದರು. ಅವನು ಒಂದು ವಾರ ದಿನಾ ಪೇಸ್ಟು ಹಚ್ಚಿ ಒರೆಸಿದ. ಅರ್ಧ ದಿನ ಹೊಳೆಯುತ್ತಿತ್ತು, ಸಂಜೆಗೆ ಮತ್ತೆ ಮೊದಲಿನ ಹಣೆಬರಹ. ಇಂದ್ರವ್ವ ಪೇಸ್ಟಿನ ಟ್ಯೂಬನ್ನು ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿಕೊಂಡಳು. ಸುಟ್ಟ ತಂಬಾಕಿನ ಮಿಸರಿ ಹಚ್ಚಿ ಹಲ್ಲು ತಿಕ್ಕುವ ಮುದಕವ್ವನಿಗೆ ಮಾತ್ರ ಇದರಿಂದ ಏನೂ ನಷ್ಟವಾಗಲಿಲ್ಲ, ಅವಳು ಕಟ್ಟೆಯ ಮೇಲೆ ಕೂತು, ಕಾರಿಗೂ ಮಿಸರಿ ಹಚ್ಚಿ ನೋಡಿರಿ ಎಂದು ನಕ್ಕಳು.

ಕೊನೆಗೆ ಜಮಖಂಡಿಯ ಅಪ್ಪಾಸಾಬನ ಹೆಸರು ಬಂತು. ಗಾಡಿಗಳಿಗೆ ಬಣ್ಣ ಹೊಡೆಯುವವನು, ಕೈ ಚಲೋ, ಬಾಯಿ ಅದಕ್ಕಿಂತ ಜೋರು. ತಾರವ್ವನಿಗೆ ಜಮಖಂಡಿಯಲ್ಲಿ ಕುಪ್ಪಸದ ಖಣ ಕೊಳ್ಳುವುದಿತ್ತು, ಅವಳೂ ಹೊರಟಳು. ಖಣ ಕೊಂಡು ಬಂದು ಅಪ್ಪಾಸಾಬನ ಅಂಗಡಿಯ ಬೆಂಚಿನ ಮೇಲೆ ಕೂತು, ನೀರು ಕುಡಿಯುವುದನ್ನೂ ಮರೆತು ನೋಡಿದಳು.

ಅವನು ಮೊದಲು ದೀಪಗಳ ಸುತ್ತ ಕಾಗದದ ಪಟ್ಟಿ ಅಂಟಿಸಿದ, ಬಣ್ಣಕ್ಕೆ ಗೀರು ಬೀಳಬಾರದಂತೆ. ಆಮೇಲೆ ಬಕೀಟಿನಲ್ಲಿ ನೆನೆಹಾಕಿದ ವಾಟರ್ ಪೇಪರು ಎಂಬ ಮರಳುಕಾಗದ ತೆಗೆದು ಉಜ್ಜತೊಡಗಿದ. ಹಳದಿ ಬಣ್ಣದ ಹಾಲು ಇಳಿಯಿತು. ಇಳಿದ ಮೇಲೆ ನೋಡಿದರೆ ದೀಪ ಮೊದಲಿಗಿಂತ ಬೆಳ್ಳಗೆ, ಸುಣ್ಣ ಬಳಿದಂತೆ ನಿಂತಿದೆ. ಇವನು ಇದ್ದದ್ದನ್ನೂ ಕೆಡಿಸಿದ ಎಂದುಕೊಂಡಳು ತಾರವ್ವ. ಅಪ್ಪಾಸಾಬ ಅವಳ ಮುಖ ನೋಡಿ, ಗೀರನ್ನು ಗೀರಿನಿಂದಲೇ ತೆಗೆಯಬೇಕು ತಂಗಿ, ಒರಟು ಗೀರು ಹೋಗಲಿಕ್ಕೆ ಸಣ್ಣ ಗೀರು, ಸಣ್ಣ ಗೀರಿಗೆ ಇನ್ನೂ ಸಣ್ಣದು ಎಂದು ದೊಡ್ಡ ಭಾಷಣವನ್ನೇ ಬಿಗಿದ. ಒಂದು ಪೇಪರು ಅಡ್ಡ ಉಜ್ಜಿದರೆ ಮುಂದಿನದನ್ನು ಉದ್ದಕ್ಕೆ ಉಜ್ಜಿದ, ನೀರು ಆರಲು ಬಿಡಲಿಲ್ಲ. ಕೊನೆಗೆ ರಬ್ಬಿಂಗ್ ಕಾಂಪೌಂಡು ಎಂಬ ಪಾಲಿಶು ಹಚ್ಚಿ ಮೆತ್ತನೆಯ ಅರಿವೆಯಿಂದ ಸುತ್ತ ತಿರುವಿ ತಿರುವಿ ಒರೆಸಿದಾಗ, ಮಬ್ಬಿನೊಳಗಿಂದ ಬಲ್ಬು ಕಾಣಿಸಿತು, ಬಲ್ಬಿನ ಹಿಂದಿನ ಕನ್ನಡಿ ಕಾಣಿಸಿತು. ತಾರವ್ವ ಕೂತಲ್ಲಿಂದಲೇ ಮನೆದೇವರು ಬೀರಪ್ಪನಿಗೆ ಕೈ ಮುಗಿದಳು.

ಮೇಲೆ ವ್ಯಾಕ್ಸು ಬಳಿದು ಅಪ್ಪಾಸಾಬ ಎಚ್ಚರಿಕೆ ಹೇಳಿದ. ಕಂಪನಿಯವರು ಮೇಲೆ ಕೊಟ್ಟ ಪದರು ಸುಟ್ಟುಹೋಗಿದೆ, ಇನ್ನು ಬಿಸಿಲೇ ಇದರ ವೈರಿ. ನೆರಳಲ್ಲಿ ನಿಲ್ಲಿಸಬೇಕು. ಧೂಳಿದ್ದಾಗ ಒಣ ಅರಿವೆ ಮುಟ್ಟಿಸಕೂಡದು, ಮೊದಲು ನೀರು ಹೊಡೆಯಬೇಕು.

"ಅಮಾಸಿಗೊಮ್ಮೆ ಹುಣ್ಣಿವಿಗೊಮ್ಮೆ ವ್ಯಾಕ್ಸ್ ಹಚ್ಚಿ ತಿಕ್ಕ್ರಿ. ತಿಕ್ಕೂದು ಬಿಟ್ರಿ ಅಂದ್ರ ಮತ್ತ ನನ್ನ ಕಡೇನ ಬರ್ತೀರಿ" ಎಂದ.

ಜಮಖಂಡಿ ಬಿಟ್ಟಾಗ ಹೊತ್ತು ಮುಳುಗಿತ್ತು. ತುಕಾರಾಮ ದೀಪ ಹಚ್ಚಿದ. ರಸ್ತೆ ಬೆಳಗಿ ನಿಂತಿತು, ತಾರವ್ವನಿಗೆ ಹಾರಿ ಕುಣಿಯುವಷ್ಟು ಸಂತೋಷವಾಯಿತು. ಇನ್ನು ರಾತ್ರಿ ಕಣ್ಣು ಮುಚ್ಚಿ ಮಲಗಬಹುದು ಎಂದುಕೊಂಡು ಖಣದ ಬಣ್ಣದ ಬಗ್ಗೆ ಮಾತಿಗೆ ತೊಡಗಿದಳು. ತುಕಾರಾಮ ಮುಂದೆ ಹೋಗುತ್ತಿದ್ದ ಬಸ್ಸಿನ ಕೆಂಪು ದೀಪಕ್ಕೆ ಕಣ್ಣು ನೆಟ್ಟು ಅದರ ಬೆನ್ನು ಬಿಡದೆ ಹೋಗುತ್ತಿದ್ದ. ಬಸ್ಸು ಒಂದು ಹಳ್ಳಿಯಲ್ಲಿ ನಿಂತಿತು, ಇವನು ಮುಂದೆ ಬರಲೇಬೇಕಾಯಿತು. ಸ್ವಲ್ಪ ದೂರ ಬಂದಾಗ ಎಡಗಡೆಯ ಹೊಲದ ದಾರಿಯಿಂದ ಒಂದು ಕಬ್ಬಿನ ಗಾಡಿ ರಸ್ತೆಗೆ ಏರುತ್ತಿತ್ತು. ಎತ್ತಿನ ಕೋಡು, ಕೊರಳ ಹಗ್ಗ, ಗಾಡಿಯವನ ತಲೆಯ ಪಟಗ ಎಲ್ಲ ತಾರವ್ವನಿಗೆ ಸ್ವಚ್ಛ ಕಂಡಿತು. ಗಂಡ ನಿಲ್ಲಿಸಿಯಾನು ಎಂದುಕೊಂಡಳು. ಅವನು ನಿಲ್ಲಿಸಲಿಲ್ಲ, ವೇಗವನ್ನೂ ತಗ್ಗಿಸಲಿಲ್ಲ.

"ರೀ, ಗಾಡಿ!" ಎಂದು ಅವಳು ಅವನ ತೋಳು ಹಿಡಿದು ಎಳೆದಳು.

ಕಾರು ಕಿರ್ರೆಂದು ನಿಂತಾಗ ಎತ್ತು ಕೈಗೆಟುಕುವಷ್ಟು ಹತ್ತಿರವಿತ್ತು. ಗಾಡಿಯವನು ಬಾಯಿಗೆ ಬಂದದ್ದು ಅಂದು ಹೋದ. ತುಕಾರಾಮ ಕೆಳಗಿಳಿದು ದೀಪ ನೋಡುವವನ ಹಾಗೆ ಮುಂದೆ ನಡೆದ. ಬೆಳಕು ದಾಟಿ ಪಕ್ಕಕ್ಕೆ ಸರಿದವನೇ ರಸ್ತೆಯಂಚಿನ ತಗ್ಗಿನಲ್ಲಿ ಕಾಲಿಟ್ಟು ಮುಗ್ಗರಿಸಿದ. ಎದ್ದು, ಕಾರಿನ ಮೈಯನ್ನು ಕೈಯಿಂದ ಸವರುತ್ತ ಸವರುತ್ತ ಬಾಗಿಲು ಹುಡುಕಿಕೊಂಡು ಬಂದ. ಅಷ್ಟೇನೂ ಕತ್ತಲೆ ಇರಲಿಲ್ಲ. ತಾರವ್ವನಿಗೆ ರಸ್ತೆಯ ಆಚೆಯ ಹೊಲದ ಬದುವೂ ಕಾಣುತ್ತಿತ್ತು.

ದೀಪದ ಬೆಳಕು ಹೊಸದು, ಕಣ್ಣಿಗೆ ಹೊಂದಬೇಕು ಎಂದು ಅವನು ತಾನಾಗಿಯೇ ಅಂದ. ಅವಳು ಏನೂ ಕೇಳಿರಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಗಂಡನನ್ನು ಕಳ್ಳನನ್ನು ಕಾಯುವಂತೆ ಕಾಯ್ದಳು. ಸಂಜೆ ಕರೆಂಟು ಹೋದಾಗ ಅವನು ಇದ್ದಲ್ಲೇ ಕೂತುಬಿಡುತ್ತಿದ್ದ. ಚಿಮಣಿಯ ಬೆಳಕಿನಲ್ಲಿ ಉಣ್ಣುವಾಗ ತಾಟಿನಲ್ಲಿ ಚಟ್ನಿ ಎಲ್ಲಿದೆ ಎಂದು ಬೆರಳಿನಿಂದ ಹುಡುಕುತ್ತಿದ್ದ. ಇಷ್ಟು ದಿನ ಇವೆಲ್ಲ ಕಣ್ಣೆದುರಿಗೇ ನಡೆದಿದ್ದವು, ಗಂಡನ ಸೋಮಾರಿತನ ಎಂದು ಅವಳು ಬಿಟ್ಟಿದ್ದಳು. ಹಗಲು ಅವನ ಕಣ್ಣು ಹದ್ದಿನ ಕಣ್ಣು, ಗುಡ್ಡದ ಮೇಲಿನ ಕುರಿ ಯಾರದು ಎಂದು ಇಲ್ಲಿಂದಲೇ ಹೇಳಿಯಾನು. ಹೊತ್ತು ಮುಳುಗಿತೋ, ಮುಗಿಯಿತು.

ಒಂದು ದಿನ ಧೈರ್ಯ ಮಾಡಿ, ಜಮಖಂಡಿಗೆ ಹೋಗಿ ಕಣ್ಣು ತೋರಿಸಿಕೊಂಡು ಬರೋಣ ಎಂದಳು. ಅವನ ಮುಖ ಕಪ್ಪಿಟ್ಟಿತು.

"ಡ್ರೈವರನ ಹೇಣ್ತಿಯಾಗಿ ಇಂಥಾ ಮಾತ ಬಾಯಾಗ ತರ್ತೀಯೇನ? ಲೈಸನ್ಸ್ ಹೋತು ಅಂದ್ರ ಏನ ಮಾಡ್ಲಿ, ಅಪ್ಪನಂಗ ಕುರಿ ಹಿಂದ ಹೋಗ್ಲೇನ? ಅಣ್ಣನ ರೊಕ್ಕಾ ನೀರಾಗ ಹೋಗ್ಲೇನ? ಇನ್ನೊಮ್ಮಿ ಅಂದೆಂದ್ರ ನಿನ್ನ ತವರಮನಿಗಿ ಬಿಟ್ಟ ಬರ್ತೀನಿ ನೋಡ."

ತವರಿಗೆ ಬಿಡುವುದೂ ಹಗಲೊತ್ತಿನಲ್ಲೇ ಆಗಬೇಕಲ್ಲ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಅವನು ಹೆದರಿದ್ದ. ಅವನ ಹೆದರಿಕೆ ನೋಡಿ ಅವಳಿಗೆ ಸಿಟ್ಟು ಬರುವ ಬದಲು ಅಳು ಬಂತು. ಅತ್ತೆಗೆ ಹೇಳೋಣವೆಂದರೆ ಅತ್ತೆಯಿಂದ ಭಾವನಿಗೆ, ಭಾವನಿಂದ ಇಂದ್ರವ್ವನಿಗೆ, ಇಂದ್ರವ್ವನಿಂದ ಊರಿಗೆ. ಕುರುಡ ಡ್ರೈವರ್ ಎಂದು ಹುಡುಗರು ಬೀದಿಯಲ್ಲಿ ಕೂಗಿಯಾರು. ಹೇಳದೆ ಇರೋಣವೆಂದರೆ ರಾತ್ರಿಯಾಗುತ್ತದೆ, ಕಾರು ಹೊರಡುತ್ತದೆ, ಒಳಗೆ ಯಾರದೋ ಮನೆಯ ಕೆಮಿಸ್ಟರೂ ಕೂತಿರುತ್ತಾರೆ.

ಇಷ್ಟರಲ್ಲಿ ಅಮಾವಾಸ್ಯೆ ಬಂತು, ಮುದಕವ್ವ ತನ್ನ ಕೈಚಳಕ ತೋರಿಸಿದಳು. ತುಕಾರಾಮ ಜಮಖಂಡಿಯಿಂದ ಬಂದ ದಿನವೇ ಮನೆಯವರಿಗೆಲ್ಲ, ಅಮಾಸಿಗೊಮ್ಮೆ ದೀಪ ತಿಕ್ಕಬೇಕಂತ, ಪೇಂಟರ್ ಹೇಳ್ಯಾನ ಎಂದು ಸಾರಿದ್ದ. ಮುದಕವ್ವನ ಲೆಕ್ಕದಲ್ಲಿ ತಿಕ್ಕುವುದು ಅಂದರೆ ಒಂದೇ. ಬೀರಪ್ಪನ ಪೂಜೆಯ ಸಾಮಾನನ್ನು ಅವಳು ಐವತ್ತು ವರ್ಷದಿಂದ ಹಾಗೆಯೇ ತಿಕ್ಕಿದ್ದಾಳೆ. ಒಲೆಯ ಬೂದಿ ಸೋಸಿ, ತೆಂಗಿನ ನಾರು ತೊಯಿಸಿ, ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ತಂಬಿಗೆ ತಿಕ್ಕಿದಂತೆ ಎರಡೂ ದೀಪಗಳನ್ನು ಗಸಗಸ ತಿಕ್ಕಿದಳು. ತೊಳೆದು, ದೇವರ ಅರಿಸಿನಪುಡಿ ಭಂಡಾರ ಹಚ್ಚಿ, ಊದುಬತ್ತಿ ಬೆಳಗಿ, ಕಾಯಿ ಒಡೆದಳು. ಆಮೇಲೆ ತುಕಾರಾಮ ಬಂದು ನೋಡಿದರೆ ದೀಪಗಳು ಗೀರು ಗೀರಾಗಿ ಬೂದಿಬಣ್ಣಕ್ಕೆ ತಿರುಗಿವೆ, ಗೀರಿನೊಳಗೆ ಭಂಡಾರದ ಹಳದಿ.

ಲಗಮಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಅವ್ವನನ್ನು ಬಯ್ಯುವಂತಿಲ್ಲ, ಬಿಡುವಂತಿಲ್ಲ. ನೀವೇ ತಿಕ್ಕು ಅಂದಿರಿ, ತಿಕ್ಕಿದೆ, ಚಲೋ ತಿಕ್ಕಿಲ್ಲವೇನು ಎಂದು ಮುದಕವ್ವ ಮುಖ ಊದಿಸಿಕೊಂಡಳು. ದೀಪ ಸರಿಯಾಗುವ ತನಕ ರಾತ್ರಿ ಬಾಡಿಗೆ ನಿಂತಿತು. ಕೆಮಿಸ್ಟರು ಆ ಒಂದು ವಾರ ಕಾರ್ಖಾನೆಯ ಜೀಪಿನಲ್ಲಿ ಹೋದರು. ಮನೆಯಲ್ಲಿ ಎಲ್ಲರ ಮುಖ ಗಂಟಿಕ್ಕಿತ್ತು. ತಾರವ್ವ ಮಾತ್ರ ಆ ವಾರವಿಡೀ ಗಂಡನ ಪಕ್ಕದಲ್ಲಿ ಹಾಯಾಗಿ ನಿದ್ದೆ ಮಾಡಿದಳು, ಬೆಳಿಗ್ಗೆ ಎದ್ದು ರೊಟ್ಟಿ ಬಡಿಯುವಾಗ ಹಾಡಿಕೊಂಡಳು ಕೂಡ.

ಅಪ್ಪಾಸಾಬ ಎರಡನೆಯ ಸಲ ಅದೇ ಪೇಪರು, ಅದೇ ನೀರು, ಅದೇ ಭಾಷಣದಿಂದ ದೀಪ ತಿಳಿ ಮಾಡಿ ಕೊಟ್ಟ. ಈ ಸಲ ಲಗಮಪ್ಪ ಕಾಯಿದೆ ಮಾಡಿದ. ಯಾರೂ ದೀಪ ಮುಟ್ಟಕೂಡದು. ಕಾರನ್ನು ನೆರಳಿಗೆ ನಿಲ್ಲಿಸಲು ಅಪ್ಪನ ಕುರಿದೊಡ್ಡಿ ಖಾಲಿ ಮಾಡಿಸಬೇಕು. ಗುರಪ್ಪ ಕಟ್ಟೆಯಿಂದ ಏಳಲೂ ಇಲ್ಲ, ಕುರಿ ಬಿಸಿಲಾಗ, ಕಾರ ನೆರಳಾಗ, ಛಲೋ ಆತು ನಿನ್ನ ನ್ಯಾಯ ಎಂದು ಮಾತು ಮುಗಿಸಿದ. ಅಲ್ಲಿಗೆ ಮನೆಯ ಮುಂದೆಯೇ ದಪ್ಪ ಅರಿವೆಯ ತಾಡಪತ್ರಿ ಕಟ್ಟಿದ್ದಾಯಿತು, ಬಸ್ಸಿನವರಿಗೆ ಕಾರು ಕಾಣದಂತಾಯಿತು. ಲಗಮಪ್ಪ ಅದನ್ನೂ ನುಂಗಿಕೊಂಡ.

ರಾತ್ರಿ ಬಾಡಿಗೆ ಮತ್ತೆ ಶುರುವಾಯಿತು. ತಾರವ್ವ ಮೂರು ರಾತ್ರಿ ತಡೆದಳು. ನಾಲ್ಕನೆಯ ದಿನ ಮಧ್ಯಾಹ್ನ, ಗಂಡ, ಮಾವ ಮಲಗಿದ್ದಾಗ, ಇಂದ್ರವ್ವ ಗಿರಣಿಗೆ ಹೋಗಿದ್ದಾಗ, ಒಲೆಯ ಬೂದಿ ತುಂಬಿಕೊಂಡು ತಾಡಪತ್ರಿಯೊಳಗೆ ನುಸುಳಿದಳು. ಮೊದಲ ಗೀರು ಎಳೆದಳು. ಅಪ್ಪಾಸಾಬನ ಅಷ್ಟು ಹೊತ್ತಿನ ದುಡಿಮೆ, ಭಾವನ ರೊಕ್ಕ, ಎಲ್ಲ ನೆನಪಾಗಿ ಕಣ್ಣಲ್ಲಿ ನೀರು ಬಂತು. ಅಳುತ್ತಲೇ ತಿಕ್ಕಿದಳು. ತಿಕ್ಕಿ, ಅತ್ತೆ ಮಾಡುವಂತೆ ಭಂಡಾರವನ್ನೂ ಬಳಿದಳು.

ಸಂಜೆ ರಂಪವೇ ಆಯಿತು. ಲಗಮಪ್ಪ ಅವ್ವನ ಮುಂದೆ ನಿಂತು, ಇದೇನವ್ವಾ, ನಾ ಮುಟ್ಟಬೇಡ ಅಂದಿದ್ದೆನಲ್ಲ ಎಂದ. ಬಾಗಿಲ ಮರೆಯಲ್ಲಿದ್ದ ತಾರವ್ವ, ಅತ್ತೆ ಈಗ ಆಣೆ ಇಡುತ್ತಾಳೆ, ನಾನಲ್ಲ ಅನ್ನುತ್ತಾಳೆ, ಆಮೇಲೆ ನನ್ನ ಗತಿ ಎಂದು ಕಂಬ ಹಿಡಿದಳು. ಮುದಕವ್ವ ಕಾರನ್ನು ನೋಡಿದಳು. ದೀಪಕ್ಕೆ ಬಳಿದ ಭಂಡಾರ ನೋಡಿದಳು. ಬಾಗಿಲ ಕಡೆಗೂ ಒಂದು ಸಲ ನೋಡಿದಳು.

"ಹೌದು, ನಾನ ತಿಕ್ಕೇನಿ. ಏನ ಮಾಡ್ತಿ, ನನ್ನ ಜೇಲಿಗಿ ಹಾಕ್ತೀಯೇನ?" ಎಂದಳು.

ಎಲ್ಲರೂ ಚದುರಿದ ಮೇಲೆ ಅವಳು ಒಲೆಯ ಹತ್ತಿರ ಬಂದು ಸೊಸೆಯ ಪಕ್ಕದಲ್ಲಿ ಕೂತಳು. ಕಟ್ಟಿಗೆ ಮುಂದೆ ನೂಕಿ, ಹಿಟ್ಟಿನ ಮುಚ್ಚಳ ಹಾಕಿ, ಆಮೇಲೆ ಮೆಲ್ಲಗೆ ಮಾತು ತೆಗೆದಳು. ನಾನು ಭಂಡಾರ ಹಚ್ಚುವುದು ಮೂರು ಬೆರಳಲ್ಲಿ, ನೀನು ಅಂಗೈಯಿಂದ ಬಳಿದಿದ್ದೀ, ಕುರುಡಿಗೂ ತಿಳಿಯುತ್ತದೆ ಎಂದಳು. ತಾರವ್ವ ಅತ್ತೆಯ ಕಾಲು ಹಿಡಿಯಲು ಬಗ್ಗಿದಳು. ಮುದಕವ್ವ ಅವಳ ಕೈ ಸರಿಸಿ ಕೇಳಿದಳು:

"ಅಂವಗ ರಾತ್ರಿ ಕಾಣವಲ್ದು, ಹೌದಿಲ್ಲೋ?"

ತಾರವ್ವ ತಲೆಯಾಡಿಸಿದಳು. ಮುದಕವ್ವ ಯಾರಿಗೂ ಹೇಳದೆ ಇಷ್ಟು ವರ್ಷ ಇಟ್ಟುಕೊಂಡದ್ದನ್ನು ಹೇಳಿದಳು. ನಿಮ್ಮ ಮಾವನಿಗೂ ಇದೇ. ಮದುವೆಯಾದ ಹೊಸದರಲ್ಲೇ ನನಗೆ ಗೊತ್ತಾಯಿತು. ಕುರಿಯನ್ನು ದಿನವಿರುವಾಗಲೇ ದೊಡ್ಡಿಗೆ ಹೊಡೆಯುವವರು ಊರಲ್ಲಿ ಅವರೊಬ್ಬರೇ, ಜನ ಬಹಳ ಶಿಸ್ತಿನ ಮನುಷ್ಯ ಎಂದು ಹೊಗಳಿದರು. ನಾನು ಅವರ ತಂಬಿಗೆ ಇಟ್ಟಲ್ಲೇ ಇಟ್ಟೆ, ಹಾಸಿಗೆ ಹಾಸಿದಲ್ಲೇ ಹಾಸಿದೆ, ಒಂದು ದಿನವೂ ಜಾಗ ಬದಲು ಮಾಡಲಿಲ್ಲ.

"ನನಗ ಗೊತ್ತೈತಿ ಅನ್ನೂದು ಅವರಿಗಿ ಇವತ್ತಿಗೂ ಗೊತ್ತಿಲ್ಲ" ಎಂದಳು. "ಆದ್ರ ಕುರಿ ಹಿಂದ ಹೋಗಾವ್ರಿಗಿ ಅದು ನಡೀತವಾ. ಕುರೀನ ಮನಿ ದಾರಿ ಹಿಡಿತಿದ್ದು. ಕಾರಿಗೆಲ್ಲಿ ಗೊತ್ತಾಗತೈತಿ. ನೀ ಎಷ್ಟ ದಿನಾ ಅಂತ ತಿಕ್ತಿ?"

ತಾರವ್ವ, ನೀವೇ ಹೇಳಿರಿ ಅತ್ತಿ, ನನ್ನ ಮಾತು ಅವರು ಕೇಳುವುದಿಲ್ಲ ಎಂದಳು. ತಾಯಿಯ ಬಾಯಿಂದ ಬಂದರೆ ಅವನು ಇನ್ನೂ ಕುಗ್ಗುತ್ತಾನೆ ಎಂದು ಮುದಕವ್ವ ಒಪ್ಪಲಿಲ್ಲ. ಇಬ್ಬರೂ ಮುಂದೇನು ಎಂದು ತಿಳಿಯದೆ ಒಂದೊಂದು ರೊಟ್ಟಿ ಸುಟ್ಟುಕೊಂಡರು.

ಹೆಂಗಸರು ಹೀಗೆ ಒದ್ದಾಡುತ್ತಿರುವಾಗ ಲಗಮಪ್ಪ ಬನಹಟ್ಟಿಯ ಎಸ್.ಟಿ.ಡಿ. ಬೂತಿನಲ್ಲಿ ನಿಂತು ಬೊಂಬಾಯಿಗೆ ಫೋನು ಹಚ್ಚಿದ್ದ. ಉಜ್ಜುವುದು ಸಾಕು, ಹೊಸ ದೀಪಗಳನ್ನೇ ತರಿಸುತ್ತೇನೆ ಎಂದು ಹಟಕ್ಕೆ ಬಿದ್ದಿದ್ದ. ಇಂದ್ರವ್ವ ಎರಡು ದಿನ ಗಂಡನ ಸಂಗಡ ಮಾತು ಬಿಟ್ಟಳು, ಅವಳ ಹಳೆಯ ಬಂಗಾರದ ಬೋರಮಾಳ ಸರ ಕೊರಳಿಂದ ಇಳಿದದ್ದನ್ನು ತಾರವ್ವ ನೋಡಿದಳು, ಕೇಳುವ ಧೈರ್ಯ ಬರಲಿಲ್ಲ. ರಾತ್ರಿ ಬಾಡಿಗೆ ಮತ್ತೆ ನಿಂತಿತ್ತು, ಹಂಗಾಮು ಇನ್ನೂ ಅರ್ಧ ಉಳಿದಿತ್ತು. ಕೆಮಿಸ್ಟರು ಲಗಮಪ್ಪನ ಮುಖ ನೋಡಿ ಇನ್ನೊಂದು ಸಲ ಒಪ್ಪಿದ್ದರು.

ದೀಪಗಳು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಬಂದವು. ಕೂಡಿಸಲು ಅಪ್ಪಾಸಾಬನೇ ಚಿಮ್ಮಡಕ್ಕೆ ಬಂದು, ನಾಲ್ಕು ಸ್ಕ್ರೂ ತಿರುವಿ, ಎರಡು ಸಲ ಚಹಾ ಕುಡಿದು ಹೋದ. ಹೊತ್ತು ಇಳಿಯುವಾಗ ತಾಡಪತ್ರಿ ಬಿಚ್ಚಿ ದೀಪ ಹಚ್ಚಿದರು. ಎದುರಿನ ಮನೆಯ ಗೋಡೆಗೆ ತಟ್ಟಿದ ಸಗಣಿ ಕುಳ್ಳುಗಳ ಮೇಲಿನ ಬೆರಳ ಗುರುತು ಕೂಡ ಎಣಿಸುವಂತೆ ಬೆಳಕು ಬಿತ್ತು. ಓಣಿಯ ಹುಡುಗರು ಚಪ್ಪಾಳೆ ಹೊಡೆದರು. ಲಗಮಪ್ಪ ಬಹಳ ದಿನದ ಮೇಲೆ ನಕ್ಕ. ತಮ್ಮನ ಬೆನ್ನ ಮೇಲೆ ಕೈ ಇಟ್ಟು, ಇವತ್ತೇ ಹೋಗು, ಸಾಹೇಬರಿಗೆ ಹೇಳಿ ಬಂದಿದ್ದೇನೆ, ಕಾಯುತ್ತಿರುತ್ತಾರೆ, ಇನ್ನು ನಿನಗೆ ಯಾವ ನೆವವೂ ಉಳಿದಿಲ್ಲ ಎಂದ. ಪ್ರೀತಿಯಿಂದಲೇ ಅಂದ.

ತುಕಾರಾಮ ಹೂಂ ಅಂದ. ಕಾರಿನೊಳಗೆ ಕೂತ. ತಾರವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವನು ಕೀಲಿ ಹಾಕುವ ಜಾಗವನ್ನು ಬೆರಳಿಂದ ತಡಕಾಡಿದ, ಸಿಗಲಿಲ್ಲ, ಮತ್ತೆ ತಡಕಾಡಿದ. ಹುಡುಗರ ಕಡೆ ನೋಡಿ ನಗಲು ನೋಡಿದ, ಹುಡುಗರು ಆ ಕಡೆ ಇರಲೇ ಇಲ್ಲ.

ಅವಳು ಒಳಗೆ ಹೋದಳು. ಬಂದಾಗ ಒಂದು ಕೈಯಲ್ಲಿ ಬೂದಿ ತುಂಬಿದ ಅಗಲದ ಪರಾತ, ಇನ್ನೊಂದರಲ್ಲಿ ತೊಯ್ದ ನಾರು. ಮಾವ ಕಟ್ಟೆಯ ಮೇಲಿದ್ದ, ಭಾವ ಅಂಗಳದಲ್ಲಿದ್ದ, ಓಣಿಯವರೆಲ್ಲ ಇದ್ದರು. ಅವಳು ಸೀದಾ ಹೋಗಿ ಕಾರಿನ ಮುಂದೆ ಕೂತಳು. ಕಣ್ಣು ಕುಕ್ಕುವ ಬೆಳಕಿನಲ್ಲಿ, ತಲೆಯ ಮೇಲಿನ ಸೆರಗು ಜಾರಿದ್ದರೂ ಎಳೆದುಕೊಳ್ಳದೆ, ಹೊಸ ದೀಪಕ್ಕೆ ಬೂದಿ ಹಚ್ಚಿ ತಿಕ್ಕತೊಡಗಿದಳು.

ಇಂದ್ರವ್ವ ಬಾಯಿ ಬಡಿದುಕೊಂಡಳು. ನನ್ನ ಬೋರಮಾಳ ಹೋಯಿತಲ್ಲೇ, ಈಕೆಗೆ ದೆವ್ವ ಬಡಿದಿದೆ ಎಂದು ಓಡಿ ಬಂದವಳನ್ನು ಮುದಕವ್ವ ಅಡ್ಡ ನಿಂತು ತಡೆದಳು. ಲಗಮಪ್ಪನಿಗೆ ಕೈ ಹಿಡಿದು ಬಿಡಿಸುವಂತಿಲ್ಲ, ತಮ್ಮನ ಹೆಂಡತಿ.

"ತುಕ್ಯಾ, ಏನ ಮಾಡಾಕತ್ತಾಳ ನೋಡಲೇ. ಇ‍ಳಿ ಕೆಳಗ, ಬಿಡಸ ಆಕಿನ್ನ" ಎಂದು ಕಾರಿನ ಬಾಗಿಲು ಬಡಿದ.

ತುಕಾರಾಮ ಇಳಿದ. ಕಾರಿನ ಮೈ ಹಿಡಿದುಕೊಂಡೇ ಮುಂದೆ ಬಂದ. ಹೆಂಡತಿಯ ಹತ್ತಿರ ನಿಂತು, ಅವಳ ಕೈ ಹಿಡಿಯಲಿಲ್ಲ, ಅಣ್ಣ ಎಲ್ಲಿ ನಿಂತಿದ್ದಾನೆ ಎಂದು ದನಿಯ ಮೇಲೆ ಗುರುತಿಸಿ ಆ ಕಡೆ ಮುಖ ತಿರುಗಿಸಿದ.

"ತಿಕ್ಕಲಿ ಬಿಡಣ್ಣಾ. ನನಗ ರಾತ್ರಿ ಕಾಣೂದಿಲ್ಲ."



"ಹೊಸಾ ದೀಪದಾಗೂ?" ಎಂದ ಲಗಮಪ್ಪ.

"ಯಾ ದೀಪದಾಗೂ ಕಾಣೂದಿಲ್ಲ."

 ಕಟ್ಟೆಯ ಮೇಲಿಂದ ಗುರಪ್ಪನ ದನಿ ಬಂತು. ಏನಾಯಿತು ಎಂದು ಅವನು ಕೇಳಲಿಲ್ಲ.

"ಯಾವಾಗಿಂದಲೇ ತಮ್ಮಾ?"

"ಮೂರ ವರ್ಷ ಆತಪಾ."

ಮುದುಕ ಪಟಗ ತೆಗೆದು ತೊಡೆಯ ಮೇಲಿಟ್ಟುಕೊಂಡ. "ನನಗ ನಿನಕಿಂತಾ ಸಣ್ಣಾಂವ ಇದ್ದಾಗ ಹತ್ತಿತ್ತು" ಎಂದ. "ನಾ ನಿನಗ ಮೊದಲ ಹೇಳಿದ್ನೆಂದ್ರ ನೀನೂ ನನಗ ಹೇಳತಿದ್ದಿ." ಮುದಕವ್ವ ಅವನ ಕಡೆ ನೋಡಲಿಲ್ಲ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಲಗಮಪ್ಪ ಅಂಗಳದಲ್ಲಿ ಅತ್ತಿಂದಿತ್ತ ಎರಡು ಸಲ ನಡೆದ. ಇಷ್ಟು ದಿನ ನಾನು ಇವನನ್ನು ಕತ್ತಲಲ್ಲಿ ಕಳಿಸಿದೆನಲ್ಲ, ಎಂದು ಯಾರಿಗೆಂದಿಲ್ಲದೆ ಅಂದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡ. ಬನಹಟ್ಟಿಗೆ ಬಸ್ಸು ಇನ್ನೂ ಇದೆ, ಸಾಹೇಬರು ಕಾಯುತ್ತಿರುತ್ತಾರೆ, ಗಾಡಿ ಬರುವುದಿಲ್ಲ ಎಂದು ನಾನೇ ಹೋಗಿ ಹೇಳಿ ಬರುತ್ತೇನೆ ಎಂದು ಹೊರಟ.

ತಾರವ್ವನಿಗೆ ಇದಾವುದೂ ಸರಿಯಾಗಿ ಕೇಳಿಸಿರಲಿಲ್ಲ. ಬಿಕ್ಕುತ್ತ ತಿಕ್ಕುತ್ತಿದ್ದಳು. ಒಂದು ದೀಪ ಪೂರ್ತಿ ಮಬ್ಬಾಗಿತ್ತು. ಅವಳು ಪರಾತ ಎಳೆದುಕೊಂಡು ಎರಡನೆಯದರ ಮುಂದೆ ಸರಿದಳು. ರಸ್ತೆ ಮುಟ್ಟಿದ್ದ ಲಗಮಪ್ಪ ಅದನ್ನು ನೋಡಿ ಮರಳಿ ಬಂದ, ಅವಳಿಂದ ಮಾರು ದೂರ ನಿಂತ.

"ತಾರವ್ವಾ" ಎಂದ. "ಅದೊಂದು ತಿಕ್ಕಬ್ಯಾಡವಾ. ಕಾರ ಮಾರೂದೈತಿ."